ಗೊಬ್ಬರ ಮಾರಿದ ದ್ವೀಪ: ನೌರು ದೇಶದ ಕಥೆ

(ಸಂಘದ ಬೆಳ್ಳಿ ಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಾನು ಭಾಷಣಗಾರನಲ್ಲ. ಎಸ್ಸೆಸ್ಸೆಲ್ಸಿ ತನಕ ಓದಿ ನೇಗಿಲು ಹಿಡಿದವನು. ಮಾತು ತಪ್ಪಿದರೆ ನಿಮ್ಮ ಮಗ, ನಿಮ್ಮ ತಮ್ಮ ಅಂತ ತಿಳಿದು ಮನ್ನಿಸಬೇಕು. ಬೆಳ್ಳಿ ಹಬ್ಬಕ್ಕೆ ಒಬ್ಬೊಬ್ಬ ನಿರ್ದೇಶಕ ಒಂದೊಂದು ವಿಷಯ ಮಾತಾಡಬೇಕು ಅಂತ ಅಧ್ಯಕ್ಷರು ಹೇಳಿದಾಗ, ಬೇರೆಯವರು ಸಾಲ ವಸೂಲಾತಿ, ಬೆಳೆ ವಿಮೆ, ಹೈನುಗಾರಿಕೆ ಅಂತ ಒಳ್ಳೊಳ್ಳೆ ವಿಷಯ ಹಿಡಿದುಕೊಂಡರು. ನನಗೆ ಉಳಿದದ್ದು ಒಂದು ದೇಶದ ಕಥೆ. ಇವನೇನು ನಮ್ಮೂರ ಹಬ್ಬದಲ್ಲಿ ಯಾವುದೋ ದೇಶದ ಪುರಾಣ ಓದುತ್ತಾನೆ ಅಂತ ಅಂದುಕೊಳ್ಳಬೇಡಿ. ಕೊನೆಗೆ ಅದು ನಮ್ಮ ಗೋಡೌನಿಗೇ ಬಂದು ನಿಲ್ಲುತ್ತದೆ.

ಎರಡು ವರ್ಷದ ಹಿಂದೆ ನಿರ್ದೇಶಕರ ತರಬೇತಿ ಶಿಬಿರಕ್ಕೆ ಹೋಗಿದ್ದೆ. ಆಪದ್ಧನ ನಿಧಿ ಯಾಕೆ ಬೇಕು ಅಂತ ಪಾಠ ಮಾಡುತ್ತಿದ್ದ ಮೇಷ್ಟ್ರು, ನೌರು ಅನ್ನೋ ದೇಶದ ಗತಿ ನಿಮ್ಮ ಸಂಘಕ್ಕೆ ಬಾರದಿರಲಿ ಅಂತ ಒಂದೇ ಮಾತು ಹೇಳಿ ಮುಂದೆ ಹೋದರು. ಆ ಹೆಸರು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಊರಿಗೆ ಬಂದು ಮಗಳನ್ನು ಕೇಳಿದೆ. ಅವಳು ಭೂಪಟದಲ್ಲಿ ಹುಡುಕಿದಳು, ಸಿಗಲಿಲ್ಲ. ಅಷ್ಟು ಚಿಕ್ಕದು. ಆಮೇಲೆ ಅಪ್ಪ ಮಗಳು ಸೇರಿ ಕಾಲೇಜಿನ ಪುಸ್ತಕದಲ್ಲಿ, ಫೋನಿನಲ್ಲಿ ಓದಿ ಓದಿ ಒಂದು ನೋಟ್ ಬುಕ್ಕು ತುಂಬಿಸಿದೆವು. ಅದರ ಸಾರ ಇವತ್ತು ಹೇಳುತ್ತೇನೆ.

ನೌರು ಶಾಂತಸಾಗರದ ನಡುವೆ ಇರುವ ಒಂದು ದ್ವೀಪ. ಸಮಭಾಜಕ ವೃತ್ತದಿಂದ ದಕ್ಷಿಣಕ್ಕೆ 60 ಕಿಲೋಮೀಟರ್ ಒಳಗೇ ಇದೆ. ಹಾಗಾಗಿ ವರ್ಷವಿಡೀ ಒಂದೇ ಸೆಕೆ. ಅಕ್ಕಪಕ್ಕದಲ್ಲಿ ಊರಿಲ್ಲ, ಹತ್ತಿರದ ನೆಂಟ ಅಂದರೆ ಸುಮಾರು 300 ಕಿಲೋಮೀಟರ್ ದೂರದ ಬನಾಬಾ ಅನ್ನೋ ಇನ್ನೊಂದು ದ್ವೀಪ. ಇಡೀ ದೇಶದ ವಿಸ್ತೀರ್ಣ 21 ಚದರ ಕಿಲೋಮೀಟರ್. ನಮ್ಮ ಲೆಕ್ಕದಲ್ಲಿ ಹೇಳೋದಾದರೆ ಸುಮಾರು 5,200 ಎಕರೆ. ನಮ್ಮ ಸಂಘದ ವ್ಯಾಪ್ತಿಯ ಹಳ್ಳಿಗಳ ಹೊಲ, ಗದ್ದೆ, ಕೆರೆ, ಗೋಮಾಳ ಸೇರಿಸಿದರೆ ಅದರ ಹತ್ತಿರಕ್ಕೆ ಬರಬಹುದು. ದ್ವೀಪದ ಸುತ್ತ ಒಂದೇ ರಸ್ತೆ, ಸುಮಾರು 19 ಕಿಲೋಮೀಟರ್. ಬೈಕಿನಲ್ಲಿ ಹೊರಟರೆ ಅರ್ಧ ಗಂಟೆಯಲ್ಲಿ ದೇಶ ಪ್ರದಕ್ಷಿಣೆ ಮುಗಿಯುತ್ತದೆ. ಜನಸಂಖ್ಯೆ ಸುಮಾರು 12 ಸಾವಿರ. ಅಧಿಕೃತ ರಾಜಧಾನಿ ಅಂತ ಒಂದಿಲ್ಲ. ಸರ್ಕಾರಿ ಕಚೇರಿಗಳು ಯಾರೆನ್ ಅನ್ನೋ ಜಿಲ್ಲೆಯಲ್ಲಿವೆ. ಅಷ್ಟು ಚಿಕ್ಕ ದೇಶಕ್ಕೆ 14 ಜಿಲ್ಲೆ! ಸೈನ್ಯ ಇಲ್ಲ. ಸ್ವಂತ ನಾಣ್ಯ ಇಲ್ಲ, ಆಸ್ಟ್ರೇಲಿಯಾದ ಡಾಲರ್ ನಡೆಯುತ್ತದೆ.

ದ್ವೀಪದ ರೂಪ ಒಂದು ಟೋಪಿಯ ಹಾಗೆ ಅಂದುಕೊಳ್ಳಿ. ಅಂಚಿನಲ್ಲಿ ಸುತ್ತ ಹವಳದ ಬಂಡೆ, ಆಮೇಲೆ ಮರಳು, ಆಮೇಲೆ ನೂರಿನ್ನೂರು ಮೀಟರ್ ಅಗಲದ ಒಂದು ಫಲವತ್ತಾದ ಪಟ್ಟಿ. ತೆಂಗು ಬೆಳೆಯುವುದು, ಜನ ಮನೆ ಕಟ್ಟಿಕೊಂಡಿರುವುದು ಆ ಪಟ್ಟಿಯಲ್ಲೇ. ಅಲ್ಲಿಂದ ನೆಲ ದಿಬ್ಬದಂತೆ ಏಳುತ್ತದೆ. ಮೇಲಿನ ಮಟ್ಟಸವಾದ ಭಾಗಕ್ಕೆ ಅವರು ‘ಟಾಪ್‌ಸೈಡ್’ ಅನ್ನುತ್ತಾರೆ. ಅದು ದೇಶದ ಐದರಲ್ಲಿ ನಾಲ್ಕು ಪಾಲು. ನದಿ ಇಲ್ಲ, ಹಳ್ಳ ಇಲ್ಲ. ಬುವಾಡ ಅನ್ನೋ ಕಡೆ ಒಂದು ಕೆರೆಯಂಥ ನೀರಿದೆ, ಅಷ್ಟೆ. ಮಳೆಯೂ ನಂಬುವಂಥದ್ದಲ್ಲ, ಒಂದು ವರ್ಷ ಸುರಿದರೆ ಇನ್ನೊಂದು ವರ್ಷ ಬರ. ನಮ್ಮ ಹಾಗೇ ಆಕಾಶ ನೋಡಿ ಬದುಕಿದ ಜನ.

ಅಲ್ಲಿನ ಮೂಲ ಜನ 12 ಕುಲದವರು. ಮಗು ತಾಯಿಯ ಕುಲಕ್ಕೆ ಸೇರುತ್ತದೆ. ಅವರ ಬಾವುಟ ನೀಲಿ ಬಣ್ಣದ್ದು. ನಡುವೆ ಒಂದು ಹಳದಿ ಗೆರೆ, ಅದು ಸಮಭಾಜಕ ವೃತ್ತ. ಅದರ ಕೆಳಗೆ 12 ಮೊನೆಯ ಬಿಳಿ ನಕ್ಷತ್ರ, ಅದೇ ಅವರ ದೇಶ, ಮೊನೆಗೊಂದು ಕುಲ. ಹಳೆ ಕಾಲದಲ್ಲಿ ತೆಂಗು, ಕೇದಿಗೆ ಜಾತಿಯ ಪಾಂಡಾನಸ್ ಹಣ್ಣು, ಮೀನು, ಇಷ್ಟರಲ್ಲೇ ಬದುಕು. ಒಂದು ವಿಷಯ ಓದಿ ನನಗೆ ಬಹಳ ಸಂತೋಷವಾಯಿತು. ‘ಇಬಿಜ’ ಅನ್ನೋ ಮೀನಿನ ಮರಿಗಳನ್ನು ಸಮುದ್ರದ ಬಂಡೆಯ ಅಂಚಿನಲ್ಲಿ ಹಿಡಿದು, ಉಪ್ಪುನೀರಿನಿಂದ ನಿಧಾನವಾಗಿ ಬುವಾಡದ ನೀರಿಗೆ ಒಗ್ಗಿಸಿ, ಅಲ್ಲಿ ಬಿಟ್ಟು ಸಾಕುತ್ತಿದ್ದರು. ಕೆರೆಯಲ್ಲಿ ಯಾರ ಪಾಲು ಎಲ್ಲಿ ಅಂತ ಗಡಿ ಇತ್ತು. ಅಂದರೆ ಯಾವ ಇಲಾಖೆಯೂ ಹೇಳಿಕೊಡದೆ ಮೀನು ಸಾಕಣೆ ಕಲಿತಿದ್ದ ಜನ.

1888ರಲ್ಲಿ ಜರ್ಮನಿ ದೇಶ ಈ ದ್ವೀಪವನ್ನು ತನ್ನದಾಗಿಸಿಕೊಂಡಿತು. ಕೊಬ್ಬರಿ ಬಿಟ್ಟರೆ ಏನೂ ಇಲ್ಲದ ಜಾಗ ಅಂತಲೇ ಎಲ್ಲರ ಎಣಿಕೆ. ಆದರೆ ಅಲ್ಲಿಗೆ ಹಡಗಿನಲ್ಲಿ ಹೋಗಿದ್ದ ಒಬ್ಬ ಕಂಪನಿ ನೌಕರ, ಚೆನ್ನಾಗಿದೆ ಅಂತ ಒಂದು ಕಲ್ಲು ತಂದಿದ್ದ. ಕಲ್ಲಾದ ಮರದ ತುಂಡು ಇರಬೇಕು ಅಂತ ಭಾವಿಸಿ ಸಿಡ್ನಿಯ ಆಫೀಸಿನಲ್ಲಿ ಬಾಗಿಲು ಮುಚ್ಚಿಕೊಳ್ಳದ ಹಾಗೆ ಅಡ್ಡ ಇಟ್ಟಿದ್ದರು. ಆಲ್ಬರ್ಟ್ ಎಲ್ಲಿಸ್ ಅನ್ನೋ ನೌಕರನಿಗೆ ಅನುಮಾನ ಬಂದು ಅದನ್ನು ಪರೀಕ್ಷೆ ಮಾಡಿಸಿದ. ನೋಡಿದರೆ ಅದು ಅತ್ಯುತ್ತಮ ದರ್ಜೆಯ ರಂಜಕದ ಕಲ್ಲು, ಅಂದರೆ ರಾಕ್ ಫಾಸ್ಫೇಟ್. 1900ರಲ್ಲಿ ಅವನು ನೌರುವಿಗೇ ಹೋಗಿ ನೋಡಿದ. ಟಾಪ್‌ಸೈಡ್ ಪೂರ್ತಿ ಅದೇ ಕಲ್ಲು!

ರಂಜಕ ಅಂದರೆ ಏನು ಅಂತ ಈ ಸಭೆಗೆ ಹೇಳಬೇಕಾಗಿಲ್ಲ. ಬೇರು ಇಳಿಯಬೇಕು, ತೆನೆ ಕಟ್ಟಬೇಕು ಅಂದರೆ ರಂಜಕ ಬೇಕು. ನಮ್ಮ ಗೋಡೌನಿನ ಡಿ.ಎ.ಪಿ. ಚೀಲದ ಮೇಲೆ 18:46 ಅಂತ ಇರುತ್ತದಲ್ಲ, ಆ 46 ರಂಜಕದ ಲೆಕ್ಕ. ಅದು ಗಾಳಿಯಿಂದ ಬರುವುದಿಲ್ಲ, ನೆಲದಿಂದ ಕಲ್ಲು ಅಗೆದೇ ಮಾಡಬೇಕು. ಆ ಕಾಲಕ್ಕೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ದೇಶಗಳ ಹೊಲ, ಹುಲ್ಲುಗಾವಲುಗಳಿಗೆ ರಂಜಕದ ಬರ. ಹೀಗೆ ಒಂದು ಬಡ ದ್ವೀಪದ ಕಲ್ಲು ದೂರದ ರೈತರ ಅನ್ನವಾಯಿತು.

1907ರಿಂದ ಕಲ್ಲು ಹಡಗು ಹತ್ತಿತು. ಜಮೀನಿನ ಒಡೆಯನಿಗೆ ಆರಂಭದಲ್ಲಿ ಸಿಕ್ಕಿದ್ದು ಟನ್ನಿಗೆ ಅರ್ಧ ಪೆನ್ನಿ. ಅಂದರೆ ಬಿಡಿಕಾಸು. 1914ರಲ್ಲಿ ಮೊದಲ ಮಹಾಯುದ್ಧ ಬಂದಾಗ ಆಸ್ಟ್ರೇಲಿಯಾದ ಸೈನಿಕರು ದ್ವೀಪ ಹಿಡಿದರು. 1919ರಲ್ಲಿ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮೂರೂ ಸೇರಿ ಒಂದು ಮಂಡಳಿ ಮಾಡಿಕೊಂಡು ಗಣಿಯನ್ನು ಹಂಚಿಕೊಂಡವು. ತಮ್ಮ ರೈತರಿಗೆ ಅಗ್ಗದಲ್ಲಿ ಗೊಬ್ಬರ ಸಿಗಲಿ ಅಂತ ಮಾರುಕಟ್ಟೆ ಬೆಲೆಗಿಂತ ಕಡಿಮೆಗೆ ಕಲ್ಲು ಒಯ್ದವು. ಅಲ್ಲಿನ ರೈತ ಉದ್ಧಾರವಾದ, ಒಳ್ಳೆಯದೇ. ಆದರೆ ಆ ಅಗ್ಗದ ಬೆಲೆಯ ಹೊರೆ ಹೊತ್ತವರು ನೌರುವಿನ ಜನ.

ಅವರು ಸುಮ್ಮನೆ ಕೂತ ಜನ ಅಂತ ತಿಳಿಯಬೇಡಿ. 1920ರ ದಶಕದಲ್ಲೇ ಅವರು ತಮ್ಮದೇ ಸಹಕಾರ ಅಂಗಡಿ ತೆರೆದರು. ಕಂಪನಿಯ ಅಂಗಡಿಯ ಬೆಲೆಗೆ ತಲೆಬಾಗಬಾರದು ಅಂತ. ತಿಮೋತಿ ಡೆಟುಡಾಮೊ ಅನ್ನೋವರು ಅದರ ಮುಂದಾಳು. ಆಮೇಲೆ ಅವರೇ ಕುಲಗಳ ಹಿರಿಯ ನಾಯಕರಾದರು. ಸಹಕಾರ ತತ್ತ್ವ ಎಲ್ಲೆಲ್ಲಿ ಮುಟ್ಟಿದೆ ನೋಡಿ.

ಕಷ್ಟವನ್ನೂ ಬಹಳ ಕಂಡರು. 1920ರಲ್ಲಿ ಇನ್‌ಫ್ಲುಯೆಂಜಾ ಜ್ವರ ಬಂದು ನೂರಾರು ಜನ ಸತ್ತರು. 1,500 ಜನ ಇಲ್ಲದಿದ್ದರೆ ಒಂದು ಜನಾಂಗ ಉಳಿಯುವುದು ಕಷ್ಟ ಅನ್ನೋ ಮಾತಿತ್ತು. 1932ರ ಅಕ್ಟೋಬರ್ 26ರಂದು ಒಂದು ಹೆಣ್ಣು ಮಗು ಹುಟ್ಟಿ ಲೆಕ್ಕ 1,500 ಆಯಿತು. ಆ ದಿನವನ್ನು ‘ಅಂಗಾಮ್’ ಅಂತ ಇವತ್ತಿಗೂ ಹಬ್ಬ ಮಾಡುತ್ತಾರೆ. ಹೆಣ್ಣು ಮಗು ಹುಟ್ಟಿತು ಅಂತ ಒಂದು ದೇಶವೇ ಹಬ್ಬ ಮಾಡಿದ್ದನ್ನು ನಮ್ಮ ತಾಯಂದಿರು ಗಮನಿಸಬೇಕು, ನಮ್ಮ ಗಂಡಸರು ಇನ್ನೂ ಚೆನ್ನಾಗಿ ಗಮನಿಸಬೇಕು.

ಎರಡನೇ ಮಹಾಯುದ್ಧದಲ್ಲಿ ಜಪಾನಿನವರು ದ್ವೀಪ ಹಿಡಿದರು. ಸುಮಾರು 1,200 ಜನರನ್ನು ದೂರದ ಟ್ರುಕ್ ದ್ವೀಪಕ್ಕೆ ಕೂಲಿಗೆ ಸಾಗಿಸಿದರು. ಹಸಿವು, ರೋಗ, ಬಾಂಬು. ಯುದ್ಧ ಮುಗಿದ ಮೇಲೆ 1946ರ ಜನವರಿ 31ರಂದು ಊರಿಗೆ ವಾಪಸು ಬಂದವರು 737 ಜನ ಮಾತ್ರ. 1968ರಲ್ಲಿ ಸ್ವಾತಂತ್ರ್ಯ ಬಂದಾಗ ಅದೇ ಜನವರಿ 31ನೇ ತಾರೀಕನ್ನೇ ಅವರು ಆರಿಸಿಕೊಂಡರು. ಹ್ಯಾಮರ್ ಡಿರೊಬರ್ಟ್ ಅನ್ನೋವರು ಮೊದಲ ಅಧ್ಯಕ್ಷರು. ಅವರೂ ಟ್ರುಕ್‌ನಿಂದ ಬದುಕಿ ಬಂದವರೇ.

ಸ್ವಾತಂತ್ರ್ಯಕ್ಕೆ ಮುಂಚೆ ಇನ್ನೊಂದು ಘಟನೆ ನಡೆಯಿತು. ಕಲ್ಲು ಮುಗಿದ ಮೇಲೆ ಈ ದ್ವೀಪದಲ್ಲಿ ಬದುಕಲು ಆಗುವುದಿಲ್ಲ, ನಮ್ಮ ದೇಶದ ಕರ್ಟಿಸ್ ಅನ್ನೋ ದ್ವೀಪಕ್ಕೆ ಎಲ್ಲರೂ ಬಂದುಬಿಡಿ ಅಂತ ಆಸ್ಟ್ರೇಲಿಯಾ ಕರೆಯಿತು. ನಾವು ನಾವಾಗಿ, ಸ್ವತಂತ್ರ ಜನವಾಗಿ ಇರಲು ಬಿಡುತ್ತೀರಾ ಅಂತ ಇವರು ಕೇಳಿದರು. ಅದಕ್ಕೆ ಒಪ್ಪಿಗೆ ಸಿಗಲಿಲ್ಲ. 1964ರಲ್ಲಿ ಇವರು ಬೇಡ ಅಂದುಬಿಟ್ಟರು. ಇಂಥ ಗಟ್ಟಿ ಜನ ಮುಂದೆ ಎಡವಿದರು ಅನ್ನೋದೇ ನನಗೆ ದುಃಖದ ಸಂಗತಿ. ಬೈದುಬಿಡುವುದು ಸುಲಭ. ಆದರೆ ದಡ್ಡರು ಮಾತ್ರ ಎಡವುತ್ತಾರೆ ಅಂತ ತಿಳಿದರೆ ನಾವೇ ಎಡವುತ್ತೇವೆ.

ಗಣಿಯನ್ನು 2 ಕೋಟಿ 10 ಲಕ್ಷ ಆಸ್ಟ್ರೇಲಿಯನ್ ಡಾಲರ್ ಕೊಟ್ಟು ಕೊಂಡುಕೊಂಡು, 1970ರಲ್ಲಿ ಪೂರ್ತಿ ತಮ್ಮ ಕೈಗೆ ತೆಗೆದುಕೊಂಡರು. ಈಗ ಪೂರ್ತಿ ಬೆಲೆ ಅವರದೇ. ಹಣ ಹೊಳೆಯಂತೆ ಬಂತು. 1970ರ ದಶಕದಲ್ಲಿ ತಲಾ ಆದಾಯದಲ್ಲಿ ನೌರು ಪ್ರಪಂಚದ ಅತಿ ಶ್ರೀಮಂತ ದೇಶಗಳ ಸಾಲಿನಲ್ಲಿ ನಿಂತಿತು. ಆದಾಯ ತೆರಿಗೆ ಇಲ್ಲ. ಶಾಲೆ, ಆಸ್ಪತ್ರೆ ಬಿಟ್ಟಿ. ದೊಡ್ಡ ಕಾಯಿಲೆ ಬಂದರೆ ಸರ್ಕಾರವೇ ಆಸ್ಟ್ರೇಲಿಯಾಕ್ಕೆ ಕಳಿಸುತ್ತಿತ್ತು. ಗಣಿಯಲ್ಲಿ ಮೈ ಬಗ್ಗಿಸಲು ಕಿರಿಬಾಟಿ, ಟುವಾಲು, ಹಾಂಗ್‌ಕಾಂಗ್ ಕಡೆಯಿಂದ ಕೂಲಿಯವರು.

ಅವರು ಉಳಿತಾಯ ಮಾಡಲಿಲ್ಲ ಅಂತ ಯಾರೂ ಹೇಳುವಂತಿಲ್ಲ. ಕಲ್ಲು ಒಂದು ದಿನ ಮುಗಿಯುತ್ತೆ ಅಂತ ಗೊತ್ತಿತ್ತು. ಅದಕ್ಕೆ ಒಂದು ಟ್ರಸ್ಟ್ ಮಾಡಿ ದುಡ್ಡು ತುಂಬಿದರು. ಅದೇ ಅವರ ಆಪದ್ಧನ ನಿಧಿ. ಒಂದು ಕಾಲಕ್ಕೆ ಅದು 100 ಕೋಟಿ ಡಾಲರಿಗೂ ಮೀರಿತ್ತು. ಮೆಲ್ಬರ್ನ್ ನಗರದಲ್ಲಿ 1977ರಲ್ಲಿ 52 ಅಂತಸ್ತಿನ ‘ನೌರು ಹೌಸ್’ ಕಟ್ಟಿದರು. ಆಗ ಆ ಊರಿಗೇ ಎತ್ತರದ ಕಟ್ಟಡ ಅದು.

ಇಲ್ಲಿ ನಮ್ಮ ದೇಶವೂ ಕಥೆಯೊಳಗೆ ಬರುತ್ತದೆ. ಒಡಿಶಾದ ಪಾರಾದೀಪ ಬಂದರಿನಲ್ಲಿ ಒಂದು ಗೊಬ್ಬರ ಕಾರ್ಖಾನೆ ಇದೆ, ಪಾರಾದೀಪ್ ಫಾಸ್ಫೇಟ್ಸ್. ‘ನವರತ್ನ’ ಅಂತ ಚೀಲದ ಮೇಲೆ ಬರುತ್ತದಲ್ಲ, ಅದೇ. 1981ರಲ್ಲಿ ಅದು ಹುಟ್ಟಿದ್ದು ಭಾರತ ಸರ್ಕಾರ ಮತ್ತು ನೌರು ದೇಶ ಇಬ್ಬರೂ ಪಾಲು ಹಾಕಿ. 70 ಕೋಟಿ ಜನರ ದೇಶಕ್ಕೆ ಕೆಲವೇ ಸಾವಿರ ಜನರ ದೇಶ ಪಾಲುದಾರ! 1993ರಲ್ಲಿ ನೌರುವಿನ ಪಾಲನ್ನು ನಮ್ಮ ಸರ್ಕಾರವೇ ತೆಗೆದುಕೊಂಡಿತು. ಆಮೇಲೆ ಅದು ಖಾಸಗಿಯವರ ಕೈಗೆ ಹೋಯಿತು. ನೌರುವಿನ ಉಳಿತಾಯದ ದುಡ್ಡು ಒಂದು ಕಾಲದಲ್ಲಿ ನಮ್ಮ ಹೊಲದ ಗೊಬ್ಬರದಲ್ಲೂ ಸೇರಿತ್ತು ಅನ್ನೋದು ತಿಳಿದಾಗ, ಆ ದೇಶ ನನಗೆ ಪಕ್ಕದೂರಿನಷ್ಟು ಹತ್ತಿರ ಅನ್ನಿಸಿತು.

ಹಾಗಾದರೆ ಕೆಟ್ಟದ್ದು ಎಲ್ಲಿ? ದುಡ್ಡು ಕೂಡಿಟ್ಟರು, ಆದರೆ ಕಾಯಲಿಲ್ಲ. ಸ್ವಂತ ವಿಮಾನ ಕಂಪನಿ ಮಾಡಿ ಹಲವು ಜೆಟ್ ವಿಮಾನ ಇಟ್ಟುಕೊಂಡರು. ಸೀಟು ಖಾಲಿ ಇದ್ದರೂ ಹಾರಿಸಿದರು. ಪರದೇಶದಲ್ಲಿ ಹೋಟೆಲು, ಕಟ್ಟಡ ಕೊಂಡರು. ಸಲಹೆಗಾರ ಅಂತ ಬಂದವರ ಮಾತೆಲ್ಲ ನಂಬಿದರು. 1993ರಲ್ಲಿ ಲಂಡನ್ನಿನಲ್ಲಿ ಚಿತ್ರಕಾರ ಲಿಯೊನಾರ್ಡೊ ಮೇಲೆ ಒಂದು ಸಂಗೀತ ನಾಟಕ ಆಡಿಸಲು ಬಂಡವಾಳ ಹಾಕಿದರು. ನಾಟಕ ಒಂದು ತಿಂಗಳ ಸುಮಾರಿಗೆ ಮುಚ್ಚಿತು, ದುಡ್ಡು ಹೋಯಿತು. ಸರ್ಕಾರದ ಖರ್ಚು ಆದಾಯ ಮೀರಿದಾಗಲೆಲ್ಲ ಟ್ರಸ್ಟನ್ನು ತೋರಿಸಿ ಸಾಲ ತಂದರು. ಟ್ರಸ್ಟಿನ ಲೆಕ್ಕಪತ್ರ ಜನರ ಮುಂದೆ ಸರಿಯಾಗಿ ಬರುತ್ತಿರಲಿಲ್ಲ. ಕೈಗೆ ದುಡ್ಡು ಬರುತ್ತಿರುವಾಗ ಲೆಕ್ಕ ಕೇಳುವವನು ಎಲ್ಲ ಊರಲ್ಲೂ ಕೆಟ್ಟವನೇ.

ಕಲ್ಲು ಕಡಿಮೆಯಾಗುತ್ತಾ ಬಂತು. 1990ರ ದಶಕದಲ್ಲಿ ಹಣಕ್ಕಾಗಿ ಪರದೇಶದವರಿಗೆ ಹೆಸರಿಗೆ ಮಾತ್ರ ಇರುವ ಬ್ಯಾಂಕು ನಡೆಸಲು ಲೈಸೆನ್ಸು ಮಾರಿದರು. ಕಳ್ಳದುಡ್ಡಿನ ದಾರಿ ಅಂತ ಪ್ರಪಂಚದ ಕೈಲಿ ಬೈಸಿಕೊಂಡು ಅದನ್ನೂ ನಿಲ್ಲಿಸಬೇಕಾಯಿತು. 2004ರಲ್ಲಿ ಸಾಲಗಾರರು ಬಂದು ಕೂತರು, ನೌರು ಹೌಸ್ ಮಾರಾಟವಾಯಿತು. 2005ರ ಡಿಸೆಂಬರಿನಲ್ಲಿ ಉಳಿದಿದ್ದ ಒಂದೇ ವಿಮಾನವನ್ನೂ ಸಾಲ ಕೊಟ್ಟವರು ಜಪ್ತಿ ಮಾಡಿದರು. ಸಮುದ್ರದ ನಡುವಿನ ದೇಶ, ವಿಮಾನ ಇಲ್ಲ! ದೇಶದ ಬ್ಯಾಂಕು ಮುಳುಗಿ ಜನರ ಠೇವಣಿ ಕೈಗೆ ಸಿಗಲಿಲ್ಲ. 2015ರಲ್ಲಿ ಆಸ್ಟ್ರೇಲಿಯಾದ ಬ್ಯಾಂಕೊಂದು ಬಾಗಿಲು ತೆರೆಯುವ ತನಕ ವರ್ಷಗಟ್ಟಲೆ ಎಲ್ಲ ವ್ಯವಹಾರವೂ ಕೈ ನಗದಿನಲ್ಲೇ ನಡೆಯಿತು.

ದುಡ್ಡು ಹೋದರೆ ಮತ್ತೆ ದುಡಿಯಬಹುದು. ಮಣ್ಣು? ಟಾಪ್‌ಸೈಡಿನಲ್ಲಿ ರಂಜಕದ ಕಲ್ಲು ಇದ್ದದ್ದು ಹವಳದ ಸುಣ್ಣಕಲ್ಲಿನ ಕಂಬಗಳ ನಡುವೆ. ನಡುವಿನದನ್ನು ಕೆರೆದು ತೆಗೆದ ಮೇಲೆ ಉಳಿದದ್ದು ಬರೀ ಕಂಬ. ಕೆಲವು 15 ಮೀಟರ್ ಎತ್ತರ. ಚಿತ್ರ ನೋಡಿದರೆ ಬಾಯಿ ತೆರೆದ ಮೊಸಳೆಯ ಹಲ್ಲು ನೆನಪಾಗುತ್ತದೆ. ಅಲ್ಲಿ ಉಳುವಂತಿಲ್ಲ, ಮನೆ ಕಟ್ಟುವಂತಿಲ್ಲ, ನಡೆದು ಹೋಗುವಂತೆಯೂ ಇಲ್ಲ.

ಸ್ವಾತಂತ್ರ್ಯಕ್ಕೆ ಮುಂಚೆ ಹಾಳಾದ ನೆಲಕ್ಕೆ ಪರಿಹಾರ ಕೊಡಿ ಅಂತ 1989ರಲ್ಲಿ ನೌರು ಹೇಗ್ ಪಟ್ಟಣದ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಆಸ್ಟ್ರೇಲಿಯಾ ಮೇಲೆ ದಾವೆ ಹಾಕಿತು. ಅದಕ್ಕೆ ಮೊದಲು ಶ್ರೀಲಂಕಾದ ಕಾನೂನು ಪಂಡಿತ ವೀರಮಂತ್ರಿಯವರು ಒಂದು ಆಯೋಗದ ಮುಖ್ಯಸ್ಥರಾಗಿ ಎಲ್ಲ ದಾಖಲೆ ತೆಗೆದಿದ್ದರು. ನ್ಯಾಯಾಲಯ ಕೇಸು ಕೇಳಲು ಒಪ್ಪಿದ ಮೇಲೆ, 1993ರಲ್ಲಿ ರಾಜಿಯಾಗಿ ಆಸ್ಟ್ರೇಲಿಯಾ 10 ಕೋಟಿ 70 ಲಕ್ಷ ಡಾಲರ್ ಕೊಡಲು ಒಪ್ಪಿತು. ಆನೆ ಎದುರು ಇರುವೆ ಗೆದ್ದಂಗೆ. ಆದರೆ ಒಂದು ಮಾತು ನೆನಪಿಡಬೇಕು. ಪರರು ಅಗೆದದ್ದು ದ್ವೀಪದ ಸುಮಾರು ಮೂರನೇ ಒಂದು ಭಾಗ. ಮಿಕ್ಕದ್ದನ್ನು ಅಗೆದವರು ಸ್ವಾತಂತ್ರ್ಯ ಬಂದ ಮೇಲೆ ಅವರೇ. ಅದಕ್ಕೆ ಯಾವ ಕೋರ್ಟಿನಲ್ಲಿ ದಾವೆ ಹಾಕುವುದು?

ಮೈ ಕೆಟ್ಟದ್ದು ಇನ್ನೊಂದು ಕಥೆ. ದುಡ್ಡು ಬಂದ ಮೇಲೆ ತೋಟ ಬಿಟ್ಟರು, ಮೀನು ಹಿಡಿಯುವುದು ಬಿಟ್ಟರು. ಹಡಗಿನಲ್ಲಿ ಬಂದ ಬಿಳಿ ಅಕ್ಕಿ, ಸಕ್ಕರೆ, ಡಬ್ಬಿಯ ಮಾಂಸ, ತಂಪು ಪಾನೀಯ. 1975ರಲ್ಲಿ ವೈದ್ಯರು ಸಮೀಕ್ಷೆ ಮಾಡಿದಾಗ ದೊಡ್ಡವರಲ್ಲಿ ಮೂರಕ್ಕೆ ಒಬ್ಬರಿಗೆ ಸಕ್ಕರೆ ಕಾಯಿಲೆ ಕಂಡಿತು. ರಾಗಿ ಬಿಟ್ಟು ಪಾಲಿಶ್ ಅಕ್ಕಿ, ಮಜ್ಜಿಗೆ ಬಿಟ್ಟು ಬಾಟಲಿ ಹಿಡಿದ ನಮಗೂ ಇದು ಹೊಸ ಸುದ್ದಿಯಲ್ಲ. ನಮ್ಮ ಬೀದಿಯಲ್ಲಿ ಬೆಳಿಗ್ಗೆ ಎಷ್ಟು ಮನೆಯಲ್ಲಿ ಸಕ್ಕರೆ ಮಾತ್ರೆ ನುಂಗುತ್ತಾರೆ, ಎಣಿಸಿ ನೋಡಿ.

ಈಗ ಆ ದೇಶ ಹೇಗೆ ಬದುಕುತ್ತಿದೆ? ಆಸ್ಟ್ರೇಲಿಯಾಕ್ಕೆ ದೋಣಿಯಲ್ಲಿ ಆಶ್ರಯ ಕೇಳಿ ಬರುವವರನ್ನು ಇಟ್ಟುಕೊಳ್ಳುವ ಶಿಬಿರಕ್ಕೆ 2001ರಲ್ಲಿ ಜಾಗ ಕೊಟ್ಟರು. 2008ರಲ್ಲಿ ಮುಚ್ಚಿ, 2012ರಲ್ಲಿ ಮತ್ತೆ ತೆರೆದರು. ಅದರಿಂದ ಹಣ ಬಂತು, ಜೊತೆಗೆ ಅಲ್ಲಿದ್ದವರ ಕಣ್ಣೀರಿನ ಸುದ್ದಿ ಪ್ರಪಂಚಕ್ಕೆಲ್ಲ ಹರಡಿ ಕೆಟ್ಟ ಹೆಸರೂ ಬಂತು. ನೆಲ ಕಳೆದುಕೊಂಡವನಿಗೆ ಬೇಡ ಅನ್ನುವ ಶಕ್ತಿ ಕಡಿಮೆಯಾಗುತ್ತದೆ.

ಆದರೆ ಒಂದು ಒಳ್ಳೆಯ ದಾರಿಯೂ ಸಿಕ್ಕಿತು. ಸುತ್ತಲಿನ ಸಮುದ್ರದಲ್ಲಿ ಟ್ಯೂನಾ ಮೀನು ಧಾರಾಳ. ದೊಡ್ಡ ದೇಶಗಳ ಹಡಗು ಬಂದು ಚಿಲ್ಲರೆ ದುಡ್ಡು ಕೊಟ್ಟು ಬಾಚಿಕೊಂಡು ಹೋಗುತ್ತಿದ್ದವು. ಒಂದು ದ್ವೀಪ ಬೆಲೆ ಏರಿಸಿದರೆ ಪಕ್ಕದ ದ್ವೀಪಕ್ಕೆ ಹೋಗುತ್ತಿದ್ದರು, ನಮ್ಮ ದಲ್ಲಾಳಿಗಳ ಹಾಗೇ. 1982ರಲ್ಲಿ ದ್ವೀಪ ದೇಶಗಳು ಸೇರಿ ‘ನೌರು ಒಪ್ಪಂದ’ ಮಾಡಿಕೊಂಡವು. ಈಗ ಎಂಟು ದೇಶ ಅದರಲ್ಲಿವೆ. ವರ್ಷಕ್ಕೆ ಎಷ್ಟು ದಿನ ಮೀನು ಹಿಡಿಯಬಹುದು ಅಂತ ಎಲ್ಲರೂ ಸೇರಿ ಮಿತಿ ಹಾಕಿ, ದಿನಕ್ಕೆ 8,000 ಅಮೆರಿಕನ್ ಡಾಲರಿಗೆ ಕಡಿಮೆ ಇಲ್ಲ ಅಂತ ಕಟ್ಟು ಮಾಡಿದರು. ಆದಾಯ ಹಲವು ಪಟ್ಟು ಏರಿತು, ಮೀನೂ ಉಳಿಯಿತು. ಇದು ಸಹಕಾರ ಸಂಘ ಅಲ್ಲದೆ ಮತ್ತೇನು? ಕಲ್ಲು ಒಬ್ಬರೇ ಮಾರಿ ಕೆಟ್ಟರು, ಮೀನು ಒಟ್ಟಿಗೆ ಮಾರಿ ಚೇತರಿಸಿಕೊಂಡರು.

2015ರಲ್ಲಿ ಮತ್ತೆ ಹೊಸ ನಿಧಿ ಕಟ್ಟಿದರು. ಈ ಸಾರಿ ದುಡ್ಡು ಹಾಕಿದ ಹೊರ ದೇಶಗಳನ್ನೂ ಉಸ್ತುವಾರಿಗೆ ಕೂರಿಸಿದರು, 2033ರ ತನಕ ಮುಟ್ಟುವಂತಿಲ್ಲ ಅಂತ ಕಟ್ಟಳೆ ಮಾಡಿದರು. ಪೆಟ್ಟು ತಿಂದ ಮೇಲೆ ಬಂದ ಬುದ್ಧಿ. ಆದರೆ ಈಗ ಸಮುದ್ರ ಏರುತ್ತಿದೆ. ಜನ ಇರುವುದು ತಗ್ಗಿನ ಕರಾವಳಿ ಪಟ್ಟಿಯಲ್ಲಿ. ಮನೆಗಳನ್ನು ಎತ್ತರದ ಜಾಗಕ್ಕೆ ಸಾಗಿಸಬೇಕು. ಎತ್ತರದ ಜಾಗ ಯಾವುದು? ಅದೇ ಟಾಪ್‌ಸೈಡ್, ಮೊಸಳೆ ಹಲ್ಲಿನ ನೆಲ. ಅದನ್ನು ಸಮ ಮಾಡಲು ಹಣ ಬೇಕು ಅಂತ 2025ರಲ್ಲಿ ಹೊರಗಿನವರಿಗೆ ತಮ್ಮ ಪೌರತ್ವವನ್ನೇ 1,05,000 ಡಾಲರಿಗೆ ಕೊಡಲು ಹೊರಟರು. ಅಜ್ಜಂದಿರು ಟನ್ನಿಗೆ ಅರ್ಧ ಪೆನ್ನಿಗೆ ಕೊಟ್ಟ ನೆಲವನ್ನು ಮೊಮ್ಮಕ್ಕಳು ಯಾವ ಬೆಲೆಗೆ ಬಿಡಿಸಿಕೊಳ್ಳುತ್ತಿದ್ದಾರೆ, ಯೋಚನೆ ಮಾಡಿ.

ಬಂಧುಗಳೇ, ಇನ್ನೊಬ್ಬರ ತಪ್ಪು ಇಷ್ಟು ಹೊತ್ತು ಹೇಳಿದವನು ತನ್ನ ತಪ್ಪನ್ನೂ ಹೇಳಬೇಕು. ನಿಮ್ಮಲ್ಲಿ ಹಲವರಿಗೆ ಗೊತ್ತು, ಹನ್ನೆರಡು ವರ್ಷದ ಹಿಂದೆ ಕೆರೆ ಕೆಳಗಿನ ನನ್ನ 20 ಗುಂಟೆ ಗದ್ದೆಯ ಮಣ್ಣನ್ನು ಇಟ್ಟಿಗೆ ಗೂಡಿಗೆ ಕೊಟ್ಟೆ. ಎರಡೂವರೆ ಅಡಿ. ಮೂರೇ ದಿನದಲ್ಲಿ ಜೆ.ಸಿ.ಬಿ. ಕೆಲಸ ಮುಗಿಸಿತು. ಬಂದ ದುಡ್ಡಿನಲ್ಲಿ ಅರ್ಧ ತಂಗಿಯ ಮದುವೆಗೆ, ಅರ್ಧ ಒಂದು ಮೋಟಾರ್ ಬೈಕಿಗೆ. ಮದುವೆಯ ಬಗ್ಗೆ ನನಗೆ ಬೇಸರವಿಲ್ಲ. ಬೈಕು ಈಗ ಗುಜರಿಯಲ್ಲಿದೆ. ಗದ್ದೆ ಮಾತ್ರ ಹಾಗೇ ಇದೆ, ಮಳೆಗಾಲದಲ್ಲಿ ಗುಂಡಿ, ಬೇಸಿಗೆಯಲ್ಲಿ ಸುಟ್ಟ ಹೆಂಚು. ಹತ್ತು ಹನ್ನೆರಡು ಮೂಟೆ ಭತ್ತ ಕೊಡುತ್ತಿದ್ದದ್ದು ಈಗ ನಾಲ್ಕು ಕೊಟ್ಟರೆ ಹೆಚ್ಚು. ಆವತ್ತು ನಮ್ಮಪ್ಪ ಬದುವಿನ ಮೇಲೆ ನಿಂತು ಬೈಯಲಿಲ್ಲ. “ಮಣ್ಣು ಮಾರ್ದೆ, ಇನ್ನು ಸೊಸೈಟೀಲಿ ಗೊಬ್ಬರ ಕೊಂಡ್ಕೊ” ಅಂದರು, ಅಷ್ಟೆ. ಅಲ್ಲಿಂದ ಇಲ್ಲಿಯವರೆಗೆ ಆ ಗದ್ದೆಗೆ ಚೀಲದ ಮೇಲೆ ಚೀಲ ಸುರಿಯುತ್ತಿದ್ದೇನೆ. ಸಂಘದ ಲೆಕ್ಕದ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಎಲ್ಲ ಬರೆದಿದೆ. ನೌರುವಿನ ಚಿತ್ರ ನೋಡಿದಾಗ ನನಗೆ ಕಂಡದ್ದು ನನ್ನ ಗದ್ದೆ.

ಈಗಲೂ ಕೆರೆ ಕೆಳಗೆ ಲಾರಿ ಓಡಾಡುತ್ತಿವೆ. ಕಷ್ಟಕ್ಕೆ ಮಣ್ಣು ಮಾರುವವರನ್ನು ನಾನು ದೂರುವುದಿಲ್ಲ, ನಾನೇ ಮಾರಿದವನು. ಆದರೆ ಲಾರಿಯವನಿಗೆ ಹೂಂ ಅನ್ನುವ ಮುಂಚೆ ಒಂದು ಸಲ ಸಂಘಕ್ಕೆ ಬನ್ನಿ. ನಾಲ್ಕು ಜನ ಕೂತು ಸಾಲದ ದಾರಿ ಇದೆಯೇ ನೋಡೋಣ. ಸಂಘ ಇರುವುದೇ ಅದಕ್ಕೆ.

ಇನ್ನೊಂದು ಮಾತು. ಬೆಳ್ಳಿ ಹಬ್ಬದ ನೆನಪಿಗೆ ಪ್ರತಿ ಸದಸ್ಯರಿಗೂ ಒಂದೊಂದು ಬೆಳ್ಳಿ ದೀಪ ಕೊಡೋಣ, ಗೋಡೌನಿಗೆ ಅಂತ ಹನ್ನೊಂದು ವರ್ಷದಿಂದ ಕೂಡಿಟ್ಟ ಕಟ್ಟಡ ನಿಧಿಯಿಂದ ತೆಗೆಯೋಣ ಅಂತ ಮಾತು ಬಂದಿದೆ. ಮುಂದಿನ ಮಹಾಸಭೆಗೆ ಅದು ಬರುತ್ತದೆ. ಆಡಳಿತ ಮಂಡಳಿಯಲ್ಲಿ ಆ ಮಾತಿಗೆ ಮೊದಲು ಕೈ ಎತ್ತಿದವನು ನಾನೇ. ಸದಸ್ಯರಿಗೆ ಸಂತೋಷವಾಗುತ್ತೆ, ಚುನಾವಣೆಯೂ ಹತ್ತಿರ ಅಂತ ಮನಸ್ಸಿನಲ್ಲಿತ್ತು. ಮುಚ್ಚಿಡುವುದೇಕೆ? ಇವತ್ತು ನಿಮ್ಮೆಲ್ಲರ ಎದುರಿಗೆ ಆ ಕೈ ಇಳಿಸುತ್ತೇನೆ. ಹೋದ ಮಳೆಗಾಲದಲ್ಲಿ ಗೋಡೌನಿನ ಶೀಟು ಸೋರಿ ಯೂರಿಯಾ ಚೀಲ ಗಟ್ಟಿಯಾದದ್ದನ್ನು ನೀವೇ ನೋಡಿದ್ದೀರಿ. ದೀಪ ಮನೆಯ ಶೋಕೇಸಿನಲ್ಲಿ ಹೊಳೆಯುತ್ತದೆ, ಗೋಡೌನು ಬೆಳೆಯಲ್ಲಿ ಕಾಣುತ್ತದೆ. ತೀರ್ಮಾನ ನಿಮ್ಮದು, ಮಹಾಸಭೆಯೇ ದೊಡ್ಡದು. ಆದರೆ ಲೆಕ್ಕ ಕೇಳಿ. ಅಧ್ಯಕ್ಷರನ್ನು ಕೇಳಿ, ಕಾರ್ಯದರ್ಶಿಯನ್ನು ಕೇಳಿ, ನನ್ನನ್ನು ಮೊದಲು ಕೇಳಿ. ಕೇಳಿದವನನ್ನು ತಕರಾರಿನವನು ಅನ್ನಬೇಡಿ. ನೌರುವಿನಲ್ಲಿ ಹಾಗೆ ಬಿಡದೆ ಕೇಳುವವರು ಇನ್ನಷ್ಟು ಜನ ಇದ್ದಿದ್ದರೆ ಆ ಕಥೆ ಬೇರೆಯಾಗುತ್ತಿತ್ತೋ ಏನೋ.

ನೌರುವಿನವರು ಬರೀ ಸೋತವರಲ್ಲ. ಅಷ್ಟು ಚಿಕ್ಕ ದೇಶದ ಮಾರ್ಕಸ್ ಸ್ಟೀಫನ್ ಅನ್ನೋ ಹುಡುಗ 1990ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರ ಎತ್ತಿ ಚಿನ್ನದ ಪದಕ ಗೆದ್ದ. ಮುಂದೆ 2007ರಲ್ಲಿ ದೇಶದ ಅಧ್ಯಕ್ಷನೂ ಆದ. 737 ಜನ ವಾಪಸು ಬಂದು 12 ಸಾವಿರದ ದೇಶ ಕಟ್ಟಿದವರು ಅವರು. ಈಗ ಕಂಬಗಳ ನಡುವೆ ಮಣ್ಣು ತುಂಬಿ ಮತ್ತೆ ನೆಲ ಮಾಡುವ ಕೆಲಸಕ್ಕೆ ಕೈ ಹಾಕಿದ್ದಾರೆ. ಅವರಿಗೆ ಒಳ್ಳೆಯದಾಗಲಿ. ನಾನೂ ಈ ಬೇಸಿಗೆಯಲ್ಲಿ ಕೆರೆಯ ಹೂಳು ಹೊಡೆದು ನನ್ನ ಗುಂಡಿ ಗದ್ದೆಗೆ ತುಂಬಲು ಶುರು ಮಾಡಿದ್ದೇನೆ. ಇಲ್ಲಿಯವರೆಗೆ ನಲವತ್ತು ಟ್ರ್ಯಾಕ್ಟರ್ ಲೋಡು ಆಗಿದೆ. ಇನ್ನೂ ಬಹಳ ಬೇಕು.